ಮನಾಲಿಗೆ ಹೊರಡುವ ಮುನ್ನ: ಯಾವ ತಿಂಗಳಲ್ಲಿ ಏನು ಮಾಡಬಹುದು, ಏನು ಬೇಡ

ಮನಾಲಿಗೆ ಯಾವಾಗ ಹೋದರೆ ಚೆನ್ನಾಗಿರುತ್ತೆ ಅಂತ ಯಾರಾದರೂ ಕೇಳಿದರೆ ನಾನು ತಿರುಗಿ ಕೇಳುವುದು ಒಂದೇ: ಅಲ್ಲಿ ಹೋಗಿ ಏನು ಮಾಡಬೇಕು ಅಂತಿದ್ದೀರಿ? ಹಿಮದಲ್ಲಿ ಆಡಬೇಕಾ, ಬೆಟ್ಟ ಹತ್ತಬೇಕಾ, ನದಿಯಲ್ಲಿ ರಾಫ್ಟಿಂಗ್ ಮಾಡಬೇಕಾ, ಇಲ್ಲಾ ಸುಮ್ನೆ ದೇವದಾರು ಮರದ ಕೆಳಗೆ ಕೂತು ಚಹಾ ಕುಡಿಯಬೇಕಾ? ಇವೆಲ್ಲ ಒಂದೇ ತಿಂಗಳಲ್ಲಿ ಸಿಗುವುದಿಲ್ಲ. ನಮ್ಮಲ್ಲಿ ಬಹಳ ಜನ ಮೊದಲು ಮಕ್ಕಳ ರಜೆ ನೋಡುತ್ತಾರೆ, ಕಡಿಮೆ ದರಕ್ಕೆ ಸಿಕ್ಕ ವಿಮಾನದ ಟಿಕೆಟ್ ಮಾಡಿಸುತ್ತಾರೆ, ಆಮೇಲೆ ಪ್ಯಾಕೇಜ್‌ನವರು ಕೊಟ್ಟ ಪಟ್ಟಿ ಹಿಡಿದು ಓಡಾಡುತ್ತಾರೆ. ಮೇ ಕೊನೆಯಲ್ಲಿ ಹೋಟೆಲ್ ಕಿಟಕಿ ತೆಗೆದರೆ ಹಿಮ ಬೀಳುತ್ತಿರುತ್ತೆ ಅಂದುಕೊಂಡು ಹೋದವರಿಗೆ ಸಿಗುವುದು ಬಿಸಿಲು, ಧೂಳು ಮತ್ತು ಟ್ರಾಫಿಕ್ ಜಾಮ್. ಬೇಜಾರು ಮಾಡಿಕೊಂಡು ವಾಪಸ್ ಬರುತ್ತಾರೆ. ಆ ಊರಿನ ತಪ್ಪಲ್ಲ ಅದು. ಮೊದಲು ಕೆಲಸ, ಆಮೇಲೆ ತಿಂಗಳು, ಕೊನೆಗೆ ಟಿಕೆಟ್. ಈ ಕ್ರಮದಲ್ಲಿ ಯೋಚಿಸಿದರೆ ಅರ್ಧ ಗೆದ್ದ ಹಾಗೆ.

ಮೊದಲು ಕಣಿವೆಯ ಲೆಕ್ಕ ಸ್ವಲ್ಪ ಗೊತ್ತಿರಲಿ. ಮನಾಲಿ ಇರುವುದು ಹಿಮಾಚಲ ಪ್ರದೇಶದ ಕುಲ್ಲು ಜಿಲ್ಲೆಯಲ್ಲಿ, ಬಿಯಾಸ್ ನದಿಯ ಕಣಿವೆಯ ಮೇಲ್ತುದಿಗೆ. ಎತ್ತರ ಸುಮಾರು 2,050 ಮೀಟರ್. ಕರ್ನಾಟಕದ ಅತಿ ಎತ್ತರದ ಜಾಗ ಮುಳ್ಳಯ್ಯನಗಿರಿ 1,930 ಮೀಟರ್ ಆಸುಪಾಸು, ಅಂದರೆ ನಮ್ಮ ಶಿಖರಕ್ಕಿಂತ ಅಲ್ಲಿನ ಬಸ್ ಸ್ಟ್ಯಾಂಡೇ ಮೇಲಿದೆ! ಕೆಳಗೆ ಕುಲ್ಲು ಪಟ್ಟಣ ಸುಮಾರು 1,200 ಮೀಟರ್. ಮನಾಲಿಯಿಂದ 13-14 ಕಿಲೋಮೀಟರ್ ದೂರದ ಸೋಲಾಂಗ್ 2,500 ಮೀಟರ್ ಆಸುಪಾಸು, ಅಟಲ್ ಸುರಂಗದ ಬಾಯಿ 3,000 ಮೀಟರ್‌ಗಿಂತ ಮೇಲೆ, ರೋಹ್ತಾಂಗ್ ಪಾಸ್ (ಪಾಸ್ ಅಂದರೆ ಬೆಟ್ಟದ ಸಾಲು ದಾಟುವ ದಾರಿ) 3,978 ಮೀಟರ್. ಹಿಮ ಈ ಮೆಟ್ಟಿಲುಗಳ ಮೇಲೆ ಇಳಿಯುತ್ತದೆ, ಹತ್ತುತ್ತದೆ. ಜನವರಿಯಲ್ಲಿ ಮನಾಲಿ ಬೀದಿಗೇ ಬರುತ್ತದೆ, ಮಾರ್ಚ್ ಮುಗಿಯುವಾಗ ಸೋಲಾಂಗ್‌ನಿಂದ ಜಾರಿಕೊಳ್ಳುತ್ತದೆ, ಜೂನ್‌ಗೆ ರೋಹ್ತಾಂಗ್ ಅಕ್ಕಪಕ್ಕದಲ್ಲಿ ಕೊಳೆಯಾದ ಗೋಡೆಯಂತೆ ಉಳಿದಿರುತ್ತದೆ. ನೀವು ಹೋಗುವ ತಿಂಗಳಲ್ಲಿ ಹಿಮ ಯಾವ ಎತ್ತರದಲ್ಲಿದೆ ಅಂತ ತಿಳಿದುಕೊಂಡರೆ ಎಲ್ಲಿಗೆ ಗಾಡಿ ಮಾಡಬೇಕು ಅನ್ನುವುದು ತಾನಾಗಿ ಗೊತ್ತಾಗುತ್ತದೆ.

ಏಪ್ರಿಲ್ ಮತ್ತು ಮೇ: ನಮ್ಮ ಬೇಸಿಗೆ ರಜೆ

ಕನ್ನಡದ ಕುಟುಂಬಗಳು ಜಾಸ್ತಿ ಹೋಗುವುದು ಈಗಲೇ. ಮಾರ್ಚ್ ಕೊನೆಯಿಂದ ಏಪ್ರಿಲ್ ತನಕ ಸೇಬಿನ ಗಿಡಗಳು ಹೂ ಬಿಟ್ಟಿರುತ್ತವೆ. ಎಲೆ ಇನ್ನೂ ಪೂರ್ತಿ ಬಂದಿರುವುದಿಲ್ಲ, ಕೊಂಬೆ ತುಂಬ ಬಿಳಿ, ನಸುಗೆಂಪು ಹೂ. ನಗ್ಗರ್ ಕಡೆಯ ತೋಟಗಳ ನಡುವೆ ಕಾಲುದಾರಿ ಹಿಡಿದು ನಡೆಯುವುದಕ್ಕೆ ಇದಕ್ಕಿಂತ ಒಳ್ಳೆಯ ಕಾಲ ಇಲ್ಲ. ಹಿಮವೂ ಬೇಕು ಅಂದರೆ ಏಪ್ರಿಲ್ ಒಳಗೆ ಹೋಗಿ. ರೋಹ್ತಾಂಗ್ ಬೆಟ್ಟದ ಅಡಿಯಲ್ಲಿ ಹಾದುಹೋಗುವ ಅಟಲ್ ಸುರಂಗ ದಾಟಿ ಆಚೆಯ ಲಾಹುಲ್ ಕಣಿವೆ ಕಡೆಗೆ ಹೋದರೆ ಸಿಸ್ಸು, ಕೋಕ್ಸರ್ ಹತ್ತಿರ ಆಗಲೂ ಹಿಮ ಸಿಗುವ ಸಾಧ್ಯತೆ ಚೆನ್ನಾಗಿರುತ್ತದೆ. ಈ ಸುರಂಗ 9.02 ಕಿಲೋಮೀಟರ್ ಉದ್ದ, 2020ರ ಅಕ್ಟೋಬರ್ 3ರಂದು ಉದ್ಘಾಟನೆಯಾಯಿತು. ಅದಕ್ಕೂ ಮುಂಚೆ ಲಾಹುಲ್‌ಗೆ ಹೋಗಬೇಕಾದರೆ ರೋಹ್ತಾಂಗ್ ಹತ್ತಿಳಿಯಬೇಕಿತ್ತು, ಚಳಿಗಾಲದಲ್ಲಿ ತಿಂಗಳುಗಟ್ಟಲೆ ರಸ್ತೆಯೇ ಇರುತ್ತಿರಲಿಲ್ಲ. ಒಂದು ಮಾತು: ಸುರಂಗದ ಒಳಗೆ ಗಾಡಿ ನಿಲ್ಲಿಸಿ ಫೋಟೋ ತೆಗೆಯುವುದು, ಡ್ಯಾನ್ಸ್ ಮಾಡುವುದು ನಿಷಿದ್ಧ. ಪೊಲೀಸರು ದಂಡ ಹಾಕುತ್ತಾರೆ, ಹಾಕಬೇಕು ಕೂಡ.

ಮೇ ತಿಂಗಳಲ್ಲಿ ಸಾಮಾನ್ಯವಾಗಿ ರೋಹ್ತಾಂಗ್ ರಸ್ತೆ ತೆರೆಯುತ್ತದೆ. ಅಲ್ಲಿಗೆ ಸುಮ್ಮನೆ ಹೋಗುವ ಹಾಗಿಲ್ಲ. ಹಸಿರು ನ್ಯಾಯಮಂಡಳಿಯ ಆದೇಶದ ಪ್ರಕಾರ ದಿನಕ್ಕೆ 1,200 ವಾಹನಗಳಿಗೆ ಮಾತ್ರ ಪರ್ಮಿಟ್, 800 ಪೆಟ್ರೋಲ್, 400 ಡೀಸೆಲ್. ಆನ್‌ಲೈನ್‌ನಲ್ಲಿ ಮಾಡಿಸಬೇಕು. ಮಂಗಳವಾರ ರಸ್ತೆ ರಿಪೇರಿಗಾಗಿ ಪ್ರವಾಸಿಗಳಿಗೆ ಬಂದ್. ಪ್ಯಾಕೇಜ್‌ನಲ್ಲಿ 'ರೋಹ್ತಾಂಗ್' ಅಂತ ಬರೆದಿದ್ದರೆ ಆ ದಿನ ಮಂಗಳವಾರವಾ, ಪರ್ಮಿಟ್ ದುಡ್ಡು ಸೇರಿದೆಯಾ, ಅಂತ ಎರಡು ಪ್ರಶ್ನೆ ಕೇಳಿಬಿಡಿ. ಬಹಳ ಸಲ ಅವರು ಕರೆದುಕೊಂಡು ಹೋಗುವುದು ದಾರಿ ಮಧ್ಯದ ಗುಲಾಬಾ ತನಕ ಅಥವಾ ಮಢಿ ತನಕ ಮಾತ್ರ. ರಜೆ ಕಾಲದಲ್ಲಿ ಬೆಳಗ್ಗೆ ಆರಕ್ಕೆ ಮುಂಚೆ ಹೊರಡಿ. ಎಂಟಕ್ಕೆ ಪೂರಿ ತಿಂದು ಹೊರಟರೆ ಪಲ್ಚಾನ್ ಹತ್ತಿರವೇ ಸಾಲು ನಿಂತಿರುತ್ತದೆ, ಚಿಕ್ಕ ಮಕ್ಕಳಿದ್ದರೆ ತುಂಬಾ ಕಷ್ಟ.

ಸೋಲಾಂಗ್ ದಾರಿಯಲ್ಲಿ ಸ್ನೋ ಸೂಟ್, ಗಂಬೂಟು ಬಾಡಿಗೆಗೆ ಕೊಡುವ ಅಂಗಡಿಗಳ ಸಾಲೇ ಇದೆ. ಟ್ಯಾಕ್ಸಿಯವರು ತಮಗೆ ಗೊತ್ತಿರುವ ಅಂಗಡಿ ಮುಂದೆ ನಿಲ್ಲಿಸುತ್ತಾರೆ. ಹಿಮ ಎಲ್ಲಿ ಸಿಗುತ್ತೆ, ಎಷ್ಟಿದೆ ಅಂತ ಆ ದಿನ ಮೇಲಿಂದ ಇಳಿದು ಬಂದವರನ್ನು ಕೇಳಿ, ಆಮೇಲೆ ಬಾಡಿಗೆಗೆ ತೆಗೆದುಕೊಳ್ಳಿ. ಹಿಮವೇ ಇಲ್ಲದ ಕಡೆ ಬಿಸಿಲಲ್ಲಿ ಆ ದಪ್ಪ ಸೂಟು ಹಾಕಿಕೊಂಡು ಬೆವರುತ್ತಾ ನಿಂತವರನ್ನು ಮೇ ತಿಂಗಳಲ್ಲಿ ದಿನವೂ ನೋಡಬಹುದು. ನಿಮ್ಮ ಹತ್ತಿರ ನೀರು ಒಳಗೆ ಬಿಡದ ಪ್ಯಾಂಟ್, ಜಾಕೆಟ್ ಇದ್ದರೆ ಗಂಬೂಟು, ಕೈಗವಸು ಮಾತ್ರ ತಗೊಂಡರೆ ಸಾಕು. ತೆಗೆದುಕೊಳ್ಳುವಾಗಲೇ ಹರಿದ ಜಾಗ ತೋರಿಸಿ ಫೋನಿನಲ್ಲಿ ಫೋಟೋ ಹಿಡಿದಿಟ್ಟುಕೊಳ್ಳಿ.

ನದಿ ಮತ್ತು ಆಕಾಶ

ರಾಫ್ಟಿಂಗ್ ನಡೆಯುವುದು ಮನಾಲಿಯಲ್ಲಲ್ಲ, ಕೆಳಗೆ ಕುಲ್ಲು ಹತ್ತಿರ. ಪಿರ್ಡಿಯಿಂದ ಜಿರಿ ತನಕದ 14 ಕಿಲೋಮೀಟರ್ ಹೆಸರಾದ ದಾರಿ. ದಾಂಡೇಲಿಯ ಕಾಳಿ ನದಿಯಲ್ಲಿ ರಾಫ್ಟಿಂಗ್ ಮಾಡಿದವರಿಗೆ ಇಲ್ಲಿ ಮೊದಲು ಎದುರಾಗುವ ವ್ಯತ್ಯಾಸ ನೀರಿನ ಚಳಿ. ಇದು ಕರಗಿದ ಹಿಮದ ನೀರು. ಮೈಮೇಲೆ ಒಂದು ಅಲೆ ಬಿದ್ದರೆ ಉಸಿರು ಕಟ್ಟಿದ ಹಾಗಾಗುತ್ತದೆ, ಅದು ಸಹಜ, ಗಾಬರಿಯಾಗಬೇಡಿ, ಬಾಯಿಂದ ನಿಧಾನ ಉಸಿರು ಬಿಡಿ.

ಲೈಫ್ ಜಾಕೆಟ್ ಹಾಕಿಕೊಂಡ ಮೇಲೆ ಪಕ್ಕದವರಿಗೆ ಹೇಳಿ ಭುಜದ ಪಟ್ಟಿ ಹಿಡಿದು ಮೇಲಕ್ಕೆ ಎಳೆಸಿಕೊಳ್ಳಿ. ಜಾಕೆಟ್ ಗಲ್ಲದ ತನಕ ಏರಿ ಬಂದರೆ ಸಡಿಲ ಇದೆ ಅಂತ ಅರ್ಥ, ಬಿಗಿ ಮಾಡಿಸಿ. ಹೆಲ್ಮೆಟ್ ಇಲ್ಲದ ರಾಫ್ಟ್ ಹತ್ತಲೇಬೇಡಿ. ನೀರಿಗೆ ಬಿದ್ದರೆ ಎದ್ದು ನಿಲ್ಲಲು ಹೋಗಬಾರದು, ಕಾಲು ಬಂಡೆಗಳ ಸಂದಿಗೆ ಸಿಕ್ಕಿಕೊಂಡರೆ ನೀರಿನ ರಭಸ ಬಗ್ಗಿಸಿ ಮುಳುಗಿಸಿಬಿಡುತ್ತದೆ. ಅಂಗಾತ ತೇಲಿ, ಕಾಲು ನೀರು ಹರಿಯುವ ದಿಕ್ಕಿಗೆ ಚಾಚಿ, ಬೆರಳು ಮೇಲಕ್ಕೆ ಕಾಣುವಂತೆ ಇಡಿ, ರಾಫ್ಟ್‌ನಿಂದ ಹಗ್ಗ ಬರುವ ತನಕ ಹಾಗೇ ಇರಿ. ಇದನ್ನು ಗೈಡ್ ಹತ್ತುವ ಮುಂಚೆ ಹೇಳಿಕೊಡಬೇಕು. ಹೇಳದೆ ಸೀದಾ ಹತ್ತಿಸಿದರೆ ಆ ರಾಫ್ಟ್ ಬಿಟ್ಟು ಬೇರೆ ನೋಡಿ.

ಫೋಟೋಗೆ ಅಂತ ನದಿಯ ಮಧ್ಯದ ಬಂಡೆ ಮೇಲೆ ಹೋಗಿ ನಿಲ್ಲುವುದನ್ನು ಮಾತ್ರ ದಯವಿಟ್ಟು ಮಾಡಬೇಡಿ. 2014ರ ಜೂನ್ 8ರಂದು ಕುಲ್ಲುವಿನಿಂದ ಕೆಳಗೆ ಮಂಡಿ ಜಿಲ್ಲೆಯ ಥಲೌಟ್ ಹತ್ತಿರ ಹೈದರಾಬಾದಿನ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಹೀಗೇ ನೀರಿಗಿಳಿದಿದ್ದರು. ಮೇಲಿನ ಲಾರ್ಜಿ ಅಣೆಕಟ್ಟಿನಿಂದ ನೀರು ಬಿಟ್ಟರು, ನೋಡನೋಡುತ್ತಿದ್ದಂತೆ ಹೊಳೆ ಏರಿತು, 24 ಮಕ್ಕಳು ಕೊಚ್ಚಿಹೋದರು. ಬಿಯಾಸ್ ಕಣಿವೆಯಲ್ಲಿ ಮೇಲೆ ಎಲ್ಲೋ ಮಳೆಯಾದರೂ, ಎಲ್ಲೋ ಗೇಟು ತೆಗೆದರೂ ಇಲ್ಲಿ ನೀರು ಬರುತ್ತದೆ. ನಿಮ್ಮ ತಲೆಮೇಲೆ ಬಿಸಿಲಿದ್ದರೆ ಅದು ಏನೂ ಹೇಳುವುದಿಲ್ಲ.

ಪ್ಯಾರಾಗ್ಲೈಡಿಂಗ್‌ಗೆ ಸೋಲಾಂಗ್, ದೋಭಿ, ಗಡ್ಸಾ ಹೆಸರಾದ ಜಾಗಗಳು. ಸೋಲಾಂಗ್‌ನಲ್ಲಿ ಸಣ್ಣ ಇಳಿಜಾರಿನಿಂದ ಹಾರಿ ಒಂದೆರಡು ನಿಮಿಷದಲ್ಲಿ ಇಳಿಯುವುದೂ ಇದೆ, ಎತ್ತರದಿಂದ ಹಾರಿ ಜಾಸ್ತಿ ಹೊತ್ತು ತೇಲುವುದೂ ಇದೆ. ದುಡ್ಡು ಕೊಡುವ ಮುಂಚೆ ಎಲ್ಲಿಂದ ಎಲ್ಲಿಗೆ ಅಂತ ಕೈ ತೋರಿಸಿ ಕೇಳಿಕೊಳ್ಳಿ. ಪೈಲಟ್‌ನ ಟ್ಯಾಂಡೆಮ್ (ಜೊತೆಗೆ ಇನ್ನೊಬ್ಬರನ್ನು ಕೂರಿಸಿಕೊಂಡು ಹಾರುವ) ಲೈಸೆನ್ಸ್ ತೋರಿಸಿ ಅಂತ ಕೇಳುವುದಕ್ಕೆ ಸಂಕೋಚ ಬೇಡ. ಅಲ್ಲಿ ಪ್ರವಾಸೋದ್ಯಮ ಇಲಾಖೆಯ ನೋಂದಣಿ ಕಡ್ಡಾಯ, ಒಳ್ಳೆಯ ಪೈಲಟ್ ಕೇಳುವ ಮೊದಲೇ ತೋರಿಸುತ್ತಾನೆ. ನಿಮ್ಮ ತೂಕ ಸರಿಯಾಗಿ ಹೇಳಿ. ಹಾರುವ ಮುಂಚೆ ಎರಡು ತೊಡೆಯ ಪಟ್ಟಿ, ಎದೆಯ ಪಟ್ಟಿ, ಎರಡೂ ಭುಜದ ಕೊಕ್ಕೆ ಹಾಕಿದೆಯಾ ಅಂತ ನೀವೇ ಮುಟ್ಟಿ ನೋಡಿ. ಆಮೇಲೆ ಓಡು ಅಂದಾಗ ಓಡಬೇಕು, ಅಷ್ಟೇ. ಜನ ಮಾಡುವ ತಪ್ಪು ಯಾವಾಗಲೂ ಒಂದೇ: ನಾಲ್ಕು ಹೆಜ್ಜೆ ಓಡಿ, ಇಳಿಜಾರು ಕಂಡ ಕೂಡಲೇ ಹೆದರಿ ಕೂತುಬಿಡುತ್ತಾರೆ. ಕಾಲಿಗೆ ನೆಲ ಸಿಗದೇ ಹೋದಮೇಲೂ ಗಾಳಿಯಲ್ಲಿ ಇನ್ನೆರಡು ಹೆಜ್ಜೆ ಓಡಿ, ಆಮೇಲೆ ಕೂರಿ. ಗಾಳಿ ಜೋರಾಗಿದೆ, ಇವತ್ತು ಬೇಡ ಅಂತ ಪೈಲಟ್ ಹೇಳಿದರೆ ಅವನ ಜೊತೆ ವಾದ ಮಾಡಬೇಡಿ. ಬೇಡ ಅಂದ ಪೈಲಟ್‌ನೇ ನಂಬಬೇಕಾದವನು.

ಜುಲೈ 15ರಿಂದ ಸೆಪ್ಟೆಂಬರ್ 15ರ ತನಕ ಹಿಮಾಚಲದಲ್ಲಿ ಮಳೆಗಾಲದ ಕಾರಣ ರಾಫ್ಟಿಂಗ್, ಪ್ಯಾರಾಗ್ಲೈಡಿಂಗ್ ಎರಡಕ್ಕೂ ನಿಷೇಧ ಇರುತ್ತದೆ. ಆ ಎರಡು ತಿಂಗಳಲ್ಲಿ ಯಾರಾದರೂ 'ನಾವು ಮಾಡಿಸ್ತೀವಿ ಬನ್ನಿ ಸರ್' ಅಂದರೆ ಅವರು ಕಾನೂನು ಬಿಟ್ಟು ಮಾಡುತ್ತಿದ್ದಾರೆ ಅಂತ ಅರ್ಥ, ವಿಮೆಯೂ ಬರುವುದಿಲ್ಲ.

ಚಾರಣ: ಜೂನ್, ಮತ್ತೆ ಸೆಪ್ಟೆಂಬರ್ ನಂತರ

ಬೆಂಗಳೂರಿನ ಚಾರಣಿಗರಿಗೆ ಈ ಕಣಿವೆ ಹೊಸದೇನಲ್ಲ. ಯೂತ್ ಹಾಸ್ಟೆಲ್ಸ್ ಅಸೋಸಿಯೇಷನ್‌ನವರು ಕಸೋಲ್‌ನಿಂದ ನಡೆಸುವ ಸಾರ್ ಪಾಸ್ ಚಾರಣಕ್ಕೆ ನಮ್ಮ ಕಡೆಯಿಂದ ವರ್ಷವೂ ಜನ ಹೋಗುತ್ತಾರೆ, ಮೊದಲ ಹಿಮಾಲಯದ ಚಾರಣ ಅಂದರೆ ಅದೇ ಅನ್ನುವವರು ಎಷ್ಟೋ ಜನ. ಮನಾಲಿ ಸುತ್ತ ಹೋಗುವುದಾದರೆ ಮೂರು ದಾರಿ ಹೇಳುತ್ತೇನೆ.

ಬಿಯಾಸ್ ಕುಂಡ ಎಲ್ಲಕ್ಕಿಂತ ಸರಳ. ಸೋಲಾಂಗ್ ದಾಟಿ ಧುಂಡಿಯಿಂದ ಶುರು, ಬಕರ್‌ಥಾಚ್ ಹುಲ್ಲುಗಾವಲಿನಲ್ಲಿ ಟೆಂಟ್, ಸುಮಾರು 3,700 ಮೀಟರ್‌ನಲ್ಲಿ ಕುಂಡ. ಹೈಸ್ಕೂಲ್ ಮಕ್ಕಳನ್ನೂ ಕರೆದುಕೊಂಡು ಹೋಗಬಹುದು. ಭೃಗು ಸರೋವರ ಚೆಂದ, ಆದರೆ ಕಡಿಮೆ ದಿನದಲ್ಲಿ ಸುಮಾರು 4,300 ಮೀಟರ್‌ಗೆ ಏರುತ್ತೀರಿ, ತಲೆನೋವು ಬರುವವರ ಸಂಖ್ಯೆ ಇಲ್ಲಿ ಜಾಸ್ತಿ. ಮನಾಲಿಯಲ್ಲಿ ಎರಡು ರಾತ್ರಿ ಕಳೆಯದೆ ಅದಕ್ಕೆ ಹೊರಡಬೇಡಿ.

ಮೂರನೆಯದು ಹಂಪ್ತಾ ಪಾಸ್, ನನ್ನ ಆಯ್ಕೆ ಯಾವಾಗಲೂ ಅದೇ. ಜೋಬ್ರಾದಿಂದ ಶುರುವಾಗಿ ಚಿಕಾ, ಬಾಲು ಕಾ ಘೇರಾ ದಾಟಿ ಸುಮಾರು 4,270 ಮೀಟರ್‌ನ ಪಾಸ್ ಹತ್ತಿ, ಆಚೆ ಕಡೆ ಶಿಯಾಗೋರುಗೆ ಇಳಿದು ಛತ್ರುವಿಗೆ ಹೋಗಿ ಸೇರುವ ದಾರಿ. ಪಾಸ್ ಮೇಲೆ ನಿಂತು ಬಂದ ದಾರಿ ತಿರುಗಿ ನೋಡಿದರೆ ಹಸಿರು, ಭೋಜಪತ್ರದ ಮರ, ಹುಲ್ಲು, ಹೂವು. ಮುಂದೆ ನೋಡಿದರೆ ಒಂದು ಮರ ಇಲ್ಲದ ಕಂದು ಬೆಟ್ಟಗಳು. ಪೀರ್ ಪಂಜಾಲ್ ಸಾಲು ಮಳೆ ಮೋಡವನ್ನು ಈಚೆಯೇ ತಡೆದುಬಿಡುತ್ತದೆ, ಆದ್ದರಿಂದ ಕುಲ್ಲು ಕಡೆ ತೊಯ್ದು ಲಾಹುಲ್ ಕಡೆ ಒಣಗಿರುತ್ತದೆ. ಆಗುಂಬೆಯಲ್ಲಿ ಮಳೆ ಸುರಿದು ಘಟ್ಟದ ಪೂರ್ವಕ್ಕೆ ಚಿತ್ರದುರ್ಗ ಒಣಗುವುದೂ ಇದೇ ಕಾರಣಕ್ಕೆ. ನಮ್ಮಲ್ಲಿ ಆ ಬದಲಾವಣೆ ನೋಡಬೇಕಾದರೆ ಬಸ್ಸಿನಲ್ಲಿ ಗಂಟೆಗಟ್ಟಲೆ ಹೋಗಬೇಕು, ಇಲ್ಲಿ ಕತ್ತು ತಿರುಗಿಸಿದರೆ ಸಾಕು.

ಈ ದಾರಿಯಲ್ಲಿ ತೊರೆ ದಾಟುವ ಜಾಗಗಳಿವೆ. ಬೆಳಗ್ಗೆ ನೀರು ಕಡಿಮೆ, ಮಧ್ಯಾಹ್ನದ ಬಿಸಿಲಿಗೆ ಮೇಲೆ ಹಿಮ ಕರಗಿ ಸಂಜೆಗೆ ಏರುತ್ತದೆ. ಅದಕ್ಕೇ ಗೈಡ್‌ಗಳು ಬೆಳಗ್ಗೆ ಬೇಗ ಎಬ್ಬಿಸುವುದು, ಗೊಣಗಬೇಡಿ. ಶೂ ಬಿಚ್ಚಿ ಕತ್ತಿಗೆ ನೇತುಹಾಕಿಕೊಳ್ಳಿ, ಸ್ಯಾಂಡಲ್ ಹಾಕಿ, ಬರಿಗಾಲು ಬೇಡ. ಬ್ಯಾಗಿನ ಸೊಂಟದ ಪಟ್ಟಿ ಬಿಚ್ಚಿಡಿ, ಜಾರಿದರೆ ಬ್ಯಾಗ್ ಬಿಟ್ಟು ಏಳಬೇಕಲ್ವಾ. ಮುಖ ಮೇಲಿಂದ ಬರುವ ನೀರಿನ ಕಡೆಗಿರಲಿ, ಒಬ್ಬರ ಭುಜ ಒಬ್ಬರು ಹಿಡಿದು ಅಡ್ಡಡ್ಡ ಹೆಜ್ಜೆ ಇಡಿ. ಹತ್ತು ಹೆಜ್ಜೆಗೆ ಪಾದ ಮರಗಟ್ಟುತ್ತದೆ. ದಾಟಿದ ಕೂಡಲೇ ಒರೆಸಿ ಒಣ ಉಣ್ಣೆ ಸಾಕ್ಸ್ ಹಾಕಿಕೊಳ್ಳಿ, ಆ ಒಂದು ಜೊತೆ ಸಾಕ್ಸ್ ಬ್ಯಾಗಿನ ಮೇಲುಗಡೆಯೇ ಇರಲಿ.

ಕುಮಾರ ಪರ್ವತ, ಕುದುರೆಮುಖ ಹತ್ತಿದವರಿಗೆ ಕಾಲಿನ ಶಕ್ತಿ ಸಾಕಾಗುತ್ತದೆ, ಅಭ್ಯಾಸಕ್ಕೆ ಅದಕ್ಕಿಂತ ಒಳ್ಳೆಯದು ಬೇಕಿಲ್ಲ. ಆದರೆ ಎತ್ತರಕ್ಕೆ ಒಗ್ಗಿಕೊಳ್ಳುವುದು ಬೇರೆ ವಿಷಯ. ಅದಕ್ಕೂ ಕಾಲಿನ ಶಕ್ತಿಗೂ ಸಂಬಂಧ ಇಲ್ಲ, ಮ್ಯಾರಥಾನ್ ಓಡುವವರೂ ಮಲಗಿಬಿಡುತ್ತಾರೆ. ತಲೆನೋವು, ವಾಕರಿಕೆ, ಊಟ ಬೇಡ ಅನ್ನಿಸುವುದು, ತಲೆಸುತ್ತು ಕಂಡರೆ ಅವತ್ತು ಮೇಲೆ ಹೋಗಬಾರದು, ಅಲ್ಲೇ ಉಳಿಯಬೇಕು. ಕೂತಲ್ಲೇ ಏದುಸಿರು ಬಂದರೆ, ನೇರ ನಡೆಯಲಾಗದೆ ತೂರಾಡಿದರೆ, ಮಾತು ಅಡ್ಡಾದಿಡ್ಡಿಯಾದರೆ ರಾತ್ರಿಯಾಗಿದ್ದರೂ ಕೆಳಗಿಳಿಸಬೇಕು, ಬೆಳಗಾಗಲಿ ಅಂತ ಕಾಯುವ ಹಾಗಿಲ್ಲ. ಎತ್ತರಕ್ಕೆ ಒಗ್ಗಿಕೊಳ್ಳಲು ಕೊಡುವ ಡೈಮಾಕ್ಸ್ ಮಾತ್ರೆ ತೆಗೆದುಕೊಳ್ಳುವುದಾದರೆ ಹೊರಡುವ ಮುಂಚೆ ನಿಮ್ಮ ಡಾಕ್ಟರನ್ನು ಕೇಳಿ. ಮನಾಲಿಗೆ ಬಂದ ಮರುದಿನವೇ ಕಾರಿನಲ್ಲಿ ಚಂದ್ರತಾಲ್ ಸರೋವರಕ್ಕೆ ಹೋಗಿ ಅಲ್ಲೇ ಟೆಂಟಿನಲ್ಲಿ ಮಲಗುವ ಪ್ಲಾನ್ ಈಗ ಜೋರಾಗಿ ಮಾರಾಟವಾಗುತ್ತಿದೆ. 4,200 ಮೀಟರ್ ದಾಟಿದ ಜಾಗ ಅದು, ಫೋನ್ ಸಿಗ್ನಲ್ ಇಲ್ಲ, ಆಸ್ಪತ್ರೆ ಗಂಟೆಗಟ್ಟಲೆ ದೂರ. ನನ್ನ ಮಾತು ಕೇಳುವುದಾದರೆ ಬೇಡವೇ ಬೇಡ.

ಮಳೆಗಾಲ

ಜುಲೈ, ಆಗಸ್ಟ್‌ನಲ್ಲಿ ಕೋಣೆ ಅಗ್ಗ, ಜನ ಕಡಿಮೆ, ಬೆಟ್ಟ ಹಸಿರು. ಆದರೂ ಕುಟುಂಬ ಕಟ್ಟಿಕೊಂಡು ಹೋಗಿ ಅಂತ ನಾನು ಹೇಳುವುದಿಲ್ಲ. 2023ರ ಜುಲೈನಲ್ಲಿ ಬಿಯಾಸ್ ಉಕ್ಕಿ ಕುಲ್ಲು-ಮನಾಲಿ ಹೆದ್ದಾರಿಯನ್ನು ಹಲವು ಕಡೆ ತಿಂದುಹಾಕಿತು, ದಡದ ಕಟ್ಟಡಗಳು ಹೋದವು, ಪ್ರವಾಸಿಗರು ದಿನಗಟ್ಟಲೆ ಸಿಕ್ಕಿಕೊಂಡರು. ಅಲ್ಲಿಂದೀಚೆಗೆ ನಾನು ಎಲ್ಲರಿಗೂ ಹೇಳುವುದು, ಯಾವ ಕಾಲದಲ್ಲಿ ಹೋದರೂ 'ರಿವರ್ ವ್ಯೂ' ಅಂತ ದಡಕ್ಕೆ ಅಂಟಿಕೊಂಡಿರುವ ಹೋಟೆಲ್ ಬೇಡ, ರಸ್ತೆಯಿಂದ ಮೇಲೆ ಊರೊಳಗೆ ಇರಿ. ವಶಿಷ್ಠ, ಹಳೇ ಮನಾಲಿಯ ಮೇಲಿನ ಮನೆಗಳು, ನಗ್ಗರ್, ಎಲ್ಲವೂ ಚೆನ್ನಾಗಿವೆ. ಹೋಗಲೇಬೇಕು ಅಂದರೆ ನದಿಯ ಎಡದಂಡೆಯಲ್ಲಿ ನಗ್ಗರ್ ಮೇಲೆ ಹಾದು ಹೋಗುವ ಇನ್ನೊಂದು ರಸ್ತೆ ಇದೆ ಅನ್ನುವುದು ನೆನಪಿರಲಿ, ಹೆದ್ದಾರಿ ಬಂದ್ ಆದಾಗ ಊರಿನವರು ಅದನ್ನೇ ಹಿಡಿಯುತ್ತಾರೆ.

ಅಕ್ಟೋಬರ್: ದಸರಾ ರಜೆ

ಇದು ನನ್ನ ಮಟ್ಟಿಗೆ ಆ ಕಣಿವೆಯ ಅತ್ಯುತ್ತಮ ತಿಂಗಳು. ಮಳೆ ನಿಂತಿರುತ್ತದೆ, ಗಾಳಿ ತೊಳೆದಿಟ್ಟಂತಿರುತ್ತದೆ, ಹಗಲು ಬೆಚ್ಚಗೆ, ರಾತ್ರಿ ಕಂಬಳಿ ಬೇಕು. ರಾಫ್ಟಿಂಗ್, ಪ್ಯಾರಾಗ್ಲೈಡಿಂಗ್ ಮತ್ತೆ ಶುರುವಾಗಿರುತ್ತವೆ.

ನಮ್ಮವರಿಗೆ ಇನ್ನೊಂದು ಅನುಕೂಲ ಇದೆ. ಮೈಸೂರು ದಸರಾ ವಿಜಯದಶಮಿಯ ಜಂಬೂಸವಾರಿಗೆ ಮುಗಿಯುತ್ತದೆ, ಕುಲ್ಲು ದಸರಾ ಅದೇ ವಿಜಯದಶಮಿಗೆ ಶುರುವಾಗಿ ಏಳು ದಿನ ನಡೆಯುತ್ತದೆ. ಮೈಸೂರಿನಲ್ಲಿ ಹಬ್ಬ ನೋಡಿ ವಿಮಾನ ಹತ್ತಿದರೂ ಅಲ್ಲಿನ ಹಬ್ಬ ಇನ್ನೂ ನಡೀತಾ ಇರುತ್ತದೆ. ಢಾಲ್‌ಪುರ್ ಮೈದಾನದಲ್ಲಿ ರಘುನಾಥನ ರಥವನ್ನು ಜನ ಹಗ್ಗ ಹಿಡಿದು ಎಳೆಯುತ್ತಾರೆ, ಸುತ್ತಲಿನ ಹಳ್ಳಿಗಳ ನೂರಾರು ದೇವರುಗಳು ಪಲ್ಲಕ್ಕಿಯಲ್ಲಿ ಬಂದು ಬಿಡಾರ ಹೂಡುತ್ತವೆ. ಮನಾಲಿಯಿಂದ ಹಿಡಿಂಬೆ ಬಂದ ಮೇಲೆಯೇ ಹಬ್ಬ ಶುರು. ಹೌದು, ನಮ್ಮ ಭೀಮನ ಹೆಂಡತಿ, ಘಟೋತ್ಕಚನ ತಾಯಿ ಹಿಡಿಂಬೆಯೇ. ಅಲ್ಲಿ ಅವಳು ದೇವತೆ, ದೇವದಾರು ಕಾಡಿನ ನಡುವೆ 1553ರಲ್ಲಿ ಕಟ್ಟಿದ ಮರದ ಗುಡಿ ಅವಳದು. ಪಲ್ಲಕ್ಕಿ ಹೊತ್ತವರು ಒಮ್ಮೊಮ್ಮೆ ಇದ್ದಕ್ಕಿದ್ದ ಹಾಗೆ ಓಡುತ್ತಾರೆ, ಪಕ್ಕಕ್ಕೆ ವಾಲುತ್ತಾರೆ, ದಾರಿ ಬಿಟ್ಟು ನಿಲ್ಲಿ. ಕರಾವಳಿಯವರಿಗೆ ದೈವದ ದರ್ಶನ ನೋಡಿ ರೂಢಿ ಇರುವುದರಿಂದ ಇಲ್ಲಿ ಹೇಗೆ ನಡೆದುಕೊಳ್ಳಬೇಕು ಅಂತ ಹೇಳಿಕೊಡಬೇಕಾಗಿಲ್ಲ: ಕೇಳದೆ ಮುಟ್ಟಬಾರದು, ಮುಖಕ್ಕೆ ಫೋನ್ ಹಿಡಿಯಬಾರದು.

ಹಬ್ಬದ ದಿನಗಳಲ್ಲಿ ಕುಲ್ಲುವಿನಲ್ಲಿ ಕೋಣೆ ಸಿಗುವುದು ಕಷ್ಟ, ನಗ್ಗರ್‌ನಲ್ಲಿ ಉಳಿಯಿರಿ. ಕಲ್ಲು, ಮರದ ಪಟ್ಟಿ ಒಂದರ ಮೇಲೊಂದು ಕೂರಿಸಿ ಕಟ್ಟಿದ ಹಳೆಯ ಅರಮನೆ ಅಲ್ಲಿದೆ. ಸ್ವಲ್ಪ ಮೇಲೆ ನಡೆದರೆ ರಷ್ಯಾದ ಚಿತ್ರಕಾರ ನಿಕೋಲಸ್ ರೋರಿಚ್ ಬದುಕಿ, 1947ರಲ್ಲಿ ತೀರಿಕೊಂಡ ಮನೆ, ಈಗ ವಸ್ತುಸಂಗ್ರಹಾಲಯ. ಅವರ ಮಗ ಸ್ವೆತೊಸ್ಲಾವ್ ರೋರಿಚ್ ನಟಿ ದೇವಿಕಾ ರಾಣಿಯನ್ನು ಮದುವೆಯಾಗಿ ನಮ್ಮ ಕನಕಪುರ ರಸ್ತೆಯ ತಾತಗುಣಿ ಎಸ್ಟೇಟಿನಲ್ಲಿ ನೆಲೆಸಿದವರು. ಅಪ್ಪ ಬರೆದ ಹಿಮಾಲಯದ ನೀಲಿ ಬೆಟ್ಟಗಳನ್ನು ನೋಡಿ ಹೊರಗೆ ಬಂದರೆ ಅವೇ ಬೆಟ್ಟಗಳು ಎದುರಿಗೆ ನಿಂತಿರುತ್ತವೆ.

ಮೀನು ಹಿಡಿಯುವ ಆಸೆ ಇದ್ದವರು ಅಕ್ಟೋಬರ್ ಒಳಗೇ ಮಾಡಿ. ತೀರ್ಥನ್ ಕಣಿವೆಯಲ್ಲಿ ಟ್ರೌಟ್ ಹಿಡಿಯಲು ಮೀನುಗಾರಿಕೆ ಇಲಾಖೆಯ ಪರವಾನಗಿ ಸಿಗುತ್ತದೆ, ನವೆಂಬರ್‌ನಿಂದ ಫೆಬ್ರವರಿ ಕೊನೆಯ ತನಕ ಮೊಟ್ಟೆ ಇಡುವ ಕಾಲ ಅಂತ ಬಂದ್.

ಚಳಿಗಾಲ: ಡಿಸೆಂಬರ್ ಕೊನೆಯಿಂದ ಮಾರ್ಚ್

ಹಿಮವೇ ಬೇಕು ಅನ್ನುವವರು ಜನವರಿ ಎರಡನೇ ವಾರದಿಂದ ಫೆಬ್ರವರಿ ಕೊನೆಯೊಳಗೆ ಹೋಗಿ. ಕ್ರಿಸ್ಮಸ್, ಹೊಸ ವರ್ಷಕ್ಕೆ ಹೋದರೆ ಹಿಮಕ್ಕಿಂತ ಜನ ಜಾಸ್ತಿ, ಹಿಮ ಬಿದ್ದೇ ಇರುತ್ತದೆ ಅಂತ ಖಾತ್ರಿಯೂ ಇಲ್ಲ. ಜೋರು ಹಿಮ ಬಿದ್ದಾಗ ನೆಹರು ಕುಂಡದ ಹತ್ತಿರ ಪೊಲೀಸರು ತಡೆಯುತ್ತಾರೆ, ಮುಂದಕ್ಕೆ ಫೋರ್ ಬೈ ಫೋರ್ ಗಾಡಿ ಮಾತ್ರ. ನಿಮ್ಮದೇ ಕಾರಿನಲ್ಲಿ ಹೋಗಿದ್ದರೆ ಅದನ್ನು ಹೋಟೆಲ್‌ನಲ್ಲಿ ಬಿಟ್ಟು ಊರಿನ ಡ್ರೈವರ್ ಜೊತೆ ಹೋಗಿ. ರಸ್ತೆ ಮೇಲೆ ಕಣ್ಣಿಗೆ ಕಾಣದ ತೆಳ್ಳಗಿನ ಮಂಜುಗಡ್ಡೆ ಇರುತ್ತದೆ, ಬ್ರೇಕ್ ಒತ್ತಿದಷ್ಟೂ ಗಾಡಿ ಜಾರುತ್ತದೆ. ನಮ್ಮ ಘಟ್ಟದಲ್ಲಿ ಎಷ್ಟೇ ವರ್ಷ ಓಡಿಸಿದ್ದರೂ ಇದಕ್ಕೆ ಆ ಅಭ್ಯಾಸ ಸಾಲದು.

ಸ್ಕೀಯಿಂಗ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಯಾಕಂದ್ರೆ ಸೋಲಾಂಗ್‌ನಲ್ಲಿ ಹೆಚ್ಚಿನವರಿಗೆ ಸಿಗುವುದು ಅರ್ಧ ಗಂಟೆ ಸ್ಕೀ ಹಾಕಿಸಿ, ಕೈ ಹಿಡಿದು ನಾಲ್ಕು ಮಾರು ಎಳೆದು, ವೀಡಿಯೋ ತೆಗೆದು ಕಳಿಸುವುದು. ಅದು ಸ್ಕೀಯಿಂಗ್ ಅಲ್ಲ. ಒಬ್ಬ ಶಿಕ್ಷಕನ ಜೊತೆ ಬೆಳಗಿನ ಹೊತ್ತು ಮೂರು ದಿನ ಕಲಿತರೆ ಸಣ್ಣ ಇಳಿಜಾರಿನಲ್ಲಿ ನೀವೇ ಇಳಿದು, ತಿರುಗಿ, ನಿಲ್ಲುವಷ್ಟು ಬರುತ್ತದೆ. ಮೊದಲು ಬೂಟು. ಹಿಮ್ಮಡಿ ಹಿಂದಕ್ಕೆ ಒದ್ದು ಕೂರಿಸಿಕೊಂಡು ಆಮೇಲೆ ಕೊಂಡಿಗಳನ್ನು ಹಾಕಿ, ಒಂದೇ ಜೊತೆ ಉದ್ದ ಸಾಕ್ಸ್ ಸಾಕು, ಎರಡು ಹಾಕಿದರೆ ಮಡಿಕೆ ಬಿದ್ದು ಕಾಲು ಹುಣ್ಣಾಗುತ್ತದೆ. ನಿಂತಾಗ ಮೊಣಕಾಲು ಬಗ್ಗಿಸಿ, ಬೂಟಿನ ಮುಂಭಾಗಕ್ಕೆ ಮೊಣಕಾಲಿನ ಕೆಳಗಿನ ಮೂಳೆ ಒತ್ತುತ್ತಿರಬೇಕು. ಹೆದರಿಕೆಗೆ ಎಲ್ಲರೂ ಹಿಂದಕ್ಕೆ ವಾಲುತ್ತಾರೆ, ಹಿಂದಕ್ಕೆ ವಾಲಿದ ಕೂಡಲೇ ಸ್ಕೀ ನಿಮ್ಮ ಮಾತು ಕೇಳುವುದಿಲ್ಲ. ನಿಲ್ಲಿಸಬೇಕಾದರೆ ಸ್ಕೀಗಳ ಮುಂದಿನ ತುದಿ ಹತ್ತಿರ ತಂದು ಹಿಮ್ಮಡಿಗಳನ್ನು ಹೊರಕ್ಕೆ ತಳ್ಳಿ, ಒಳ ಅಂಚು ಹಿಮವನ್ನು ಕೊರೆದು ವೇಗ ತಗ್ಗುತ್ತದೆ. ಬೀಳುವುದು ಖಂಡಿತ ಅನ್ನಿಸಿದರೆ ಪಕ್ಕಕ್ಕೆ, ಗುಡ್ಡದ ಮೇಲ್ಬದಿಗೆ ಬೀಳಿ, ಕೈ ಊರಬೇಡಿ. ಗಂಭೀರವಾಗಿ ಕಲಿಯುವ ಮನಸ್ಸಿದ್ದರೆ ಮನಾಲಿಯ ಅಟಲ್ ಬಿಹಾರಿ ವಾಜಪೇಯಿ ಪರ್ವತಾರೋಹಣ ಸಂಸ್ಥೆ ಚಳಿಗಾಲದಲ್ಲಿ ಎರಡು ವಾರದ ಸ್ಕೀ ಕೋರ್ಸ್ ನಡೆಸುತ್ತದೆ. ಊಟ, ವಸತಿ, ಸಲಕರಣೆ ಎಲ್ಲ ಸೇರಿದ ಸರ್ಕಾರಿ ಶುಲ್ಕ ಅದು, ಬೇಗ ತುಂಬಿಹೋಗುತ್ತದೆ, ಶರತ್ಕಾಲದಲ್ಲೇ ಅರ್ಜಿ ಹಾಕಿ.

ಬಟ್ಟೆ ಪದರ ಪದರವಾಗಿ ಹಾಕಿಕೊಳ್ಳಿ: ಮೈಗೆ ಅಂಟಿದಂತೆ ಥರ್ಮಲ್, ಅದರ ಮೇಲೆ ಉಣ್ಣೆ ಅಥವಾ ಫ್ಲೀಸ್, ಹೊರಗೆ ಗಾಳಿ-ನೀರು ತಡೆಯುವ ಜಾಕೆಟ್. ಜೀನ್ಸ್, ಹತ್ತಿ ಬನಿಯನ್ ಬೇಡ, ಒದ್ದೆಯಾದರೆ ಒಣಗುವುದಿಲ್ಲ. ಕಪ್ಪು ಕನ್ನಡಕ ಶೋಕಿಗಲ್ಲ, ಹಿಮದ ಮೇಲಿನ ಬಿಸಿಲಿಗೆ ಕಣ್ಣು ಉರಿದು ನೀರು ಸುರಿಯುತ್ತದೆ, ಮಕ್ಕಳಿಗೂ ಹಾಕಿ. ಸನ್‌ಸ್ಕ್ರೀನ್ ಮೂಗಿನ ಕೆಳಗೆ, ಗಲ್ಲದ ಅಡಿಗೂ ಹಚ್ಚಿ, ಬೆಳಕು ಕೆಳಗಿಂದಲೂ ಬರುತ್ತದೆ. ಸಂಜೆ ಬಿಸಿ ಸಿಡ್ಡು ತಿನ್ನಿ, ಹುದುಗು ಬಂದ ಗೋಧಿ ಹಿಟ್ಟಿನೊಳಗೆ ವಾಲ್‌ನಟ್ ಹೂರಣ ತುಂಬಿ ಹಬೆಯಲ್ಲಿ ಬೇಯಿಸಿದ್ದು, ಮೇಲೆ ತುಪ್ಪ. ಕಡುಬು ತಿಂದು ಬೆಳೆದವರಿಗೆ ಮೊದಲ ತುತ್ತಿಗೇ ಇಷ್ಟವಾಗುತ್ತದೆ.

ಸಂಕ್ರಾಂತಿಗೆ ಹೋಗುವವರು ಇದೊಂದು ತಿಳಿದಿರಿ. ಮನಾಲಿ ಹತ್ತಿರದ ಗೋಶಾಲ್ ಮತ್ತು ಸುತ್ತಲಿನ ಹಳ್ಳಿಗಳಲ್ಲಿ ಮಕರ ಸಂಕ್ರಾಂತಿಯಿಂದ 42 ದಿನ ದೇವರ ಮೌನ. ಗುಡಿ ಮುಚ್ಚಿರುತ್ತದೆ, ಹೊಲದ ಕೆಲಸ ಇಲ್ಲ, ಟಿವಿ, ಹಾಡಿನ ಸದ್ದು ಇಲ್ಲ. ಆ ಊರುಗಳಲ್ಲಿ ಉಳಿದರೆ ಸ್ಪೀಕರ್ ಬ್ಯಾಗಿನಲ್ಲೇ ಇರಲಿ. ಸಿಸ್ಸು ಕಡೆಯೂ ಚಳಿಗಾಲದ ಹಬ್ಬಕ್ಕೆ ಊರಿನವರು ಪ್ರವಾಸಿಗರ ಚಟುವಟಿಕೆ ನಿಲ್ಲಿಸಿದ್ದುಂಟು, ಹೊರಡುವ ಮುಂಚೆ ಹೋಟೆಲ್‌ಗೆ ಫೋನ್ ಮಾಡಿ ಕೇಳಿಕೊಳ್ಳಿ.

ಹೋಗಿ ಬರುವುದು

ಬೆಂಗಳೂರಿನಿಂದ ಚಂಡೀಗಢಕ್ಕೆ ಅಥವಾ ದೆಹಲಿಗೆ ವಿಮಾನ, ಅಲ್ಲಿಂದ ರಾತ್ರಿ ಬಸ್. ಚಂಡೀಗಢ ಹಿಡಿದರೆ ರಸ್ತೆ ಪ್ರಯಾಣ ಹೆಚ್ಚುಕಡಿಮೆ ಅರ್ಧ ಉಳಿಯುತ್ತದೆ, ಮಕ್ಕಳು, ವಯಸ್ಸಾದವರಿದ್ದರೆ ಅದೇ ಒಳ್ಳೆಯದು. ಭುಂತರ್‌ನಲ್ಲಿ ಸಣ್ಣ ವಿಮಾನ ನಿಲ್ದಾಣ ಇದೆ, ಮನಾಲಿಯಿಂದ ಸುಮಾರು 50 ಕಿಲೋಮೀಟರ್, ಆದರೆ ಮೋಡ ಕವಿದರೆ ವಿಮಾನ ರದ್ದಾಗುತ್ತದೆ, ಅದನ್ನೇ ನಂಬಿಕೊಂಡು ಕೂರಬೇಡಿ. ವಾಂತಿ ಬರುವವರು ಮಂಡಿ ದಾಟುವ ಮುಂಚೆಯೇ ಮಾತ್ರೆ ತೆಗೆದುಕೊಳ್ಳಿ. ಮೊದಲ ದಿನ ಏನೂ ಇಟ್ಟುಕೊಳ್ಳಬೇಡಿ, ಸಂಜೆಗೆ ವಶಿಷ್ಠದಿಂದ ಜೋಗಿನಿ ಜಲಪಾತದ ಕಡೆ ನಿಧಾನಕ್ಕೆ ನಡೆದು ಬನ್ನಿ, ದೇಹ ಎತ್ತರಕ್ಕೆ ಒಗ್ಗಲು ಅಷ್ಟು ಸಾಕು. ವಾಪಸ್ ಬರುವಾಗ ಬೆಳಗ್ಗೆ ಬಸ್ ಇಳಿದು ಮಧ್ಯಾಹ್ನದ ವಿಮಾನ ಹಿಡಿಯುವ ಲೆಕ್ಕ ಹಾಕಬೇಡಿ. ಒಂದು ಭೂಕುಸಿತ ಆದರೆ ಆಟ್ ಹತ್ತಿರವೋ ಪಂಡೋಹ್ ಹತ್ತಿರವೋ ಅರ್ಧ ದಿನ ನಿಂತುಬಿಡುತ್ತೀರಿ. ಒಂದು ರಾತ್ರಿ ಚಂಡೀಗಢದಲ್ಲಿ ಉಳಿದು ಮರುದಿನದ ವಿಮಾನಕ್ಕೆ ಟಿಕೆಟ್ ಮಾಡಿಸಿ.